ಪ್ರಾಯಕ್ಕೆ ಬರುವ ಆಚರಣೆಗಳ ಅಧ್ಯಯನ: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಡವುತ್ತೀರಿ

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು: ‘ಮಕ್ಕಳು ದೊಡ್ಡವರಾದಾಗ ಬೇರೆ ಬೇರೆ ಧರ್ಮ, ಸಂಸ್ಕೃತಿಗಳಲ್ಲಿ ಏನೇನು ಮಾಡುತ್ತಾರೆ ಅಂತ ಬರೆಯಬೇಕು, ಎಲ್ಲಿಂದ ಶುರು ಮಾಡಲಿ?’ ಕೇಳುವವರಲ್ಲಿ ಪ್ರಬಂಧ ಬರೆಯುವ ವಿದ್ಯಾರ್ಥಿಗಳಿದ್ದಾರೆ, ಪಾಠಕ್ಕೆ ಸಿದ್ಧತೆ ಮಾಡಿಕೊಳ್ಳುವ ಮೇಷ್ಟ್ರುಗಳಿದ್ದಾರೆ, ಕಾದಂಬರಿಗೆ ಹಿನ್ನೆಲೆ ಹುಡುಕುವವರೂ ಇದ್ದಾರೆ. ಬಹಳಷ್ಟು ಮಂದಿ ಜೊತೆಗೊಂದು ಪಟ್ಟಿಯನ್ನೂ ಕಳಿಸುತ್ತಾರೆ. ಆ ಪಟ್ಟಿ ನನಗೀಗ ಬಾಯಿಪಾಠ. ಅಮೆಜಾನ್ ಕಾಡಿನ ಇರುವೆ ತುಂಬಿದ ಕೈಗವಸು, ಇಥಿಯೋಪಿಯಾದಲ್ಲಿ ಸಾಲಾಗಿ ನಿಲ್ಲಿಸಿದ ದನಗಳ ಬೆನ್ನ ಮೇಲೆ ಓಡುವ ಹುಡುಗ, ವನುವಾಟುವಿನಲ್ಲಿ ಕಾಲಿಗೆ ಬಳ್ಳಿ ಕಟ್ಟಿಕೊಂಡು ಗೋಪುರದಿಂದ ಧುಮುಕುವವರು, ಸಿಂಹ ಬೇಟೆಯಾಡುವ ಪೂರ್ವ ಆಫ್ರಿಕಾದ ಮಸಾಯಿ ಯುವಕರು.

ಇಂಥ ಪಟ್ಟಿ ಕೈಯಲ್ಲಿದ್ದರೆ ಲೇಖನ ಸುಲಭವಾಗಿ ಆಗಿಬಿಡುತ್ತದೆ, ಅಧ್ಯಯನ ಆಗುವುದಿಲ್ಲ. ಆಚರಣೆಯ ಅತಿ ಗದ್ದಲದ ಅರ್ಧ ಗಂಟೆಯಷ್ಟೇ ಅದರಲ್ಲಿರುತ್ತದೆ. ನೀವು ಕೇಳಬೇಕಾದ ಪ್ರಶ್ನೆ ಬೇರೆ: ಮರುದಿನ ಬೆಳಿಗ್ಗೆ ಆ ಹುಡುಗನಿಗೆ, ಆ ಹುಡುಗಿಗೆ ಏನು ಬದಲಾಯಿತು? ನಿನ್ನೆಯವರೆಗೆ ಮಾಡುವಂತಿರಲಿಲ್ಲ, ಇಂದಿನಿಂದ ಮಾಡಬಹುದು ಎನ್ನುವಂಥದ್ದು ಏನು? ಮಾಡಲೇಬೇಕಾದದ್ದು ಏನು? ಬಿಡಲೇಬೇಕಾದದ್ದು ಏನು? ಕೆಳಗಿನ ಹಂತಗಳಲ್ಲಿ ಎಲ್ಲಿ ದಾರಿ ತಪ್ಪಿದರೂ ಈ ಪ್ರಶ್ನೆಗೆ ಹಿಂದಿರುಗಿ.

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. ಒಂದು ನೋಟ್‌ಬುಕ್ ಅಥವಾ ಸ್ಪ್ರೆಡ್‌ಶೀಟ್, ಒಂದು ಒಳ್ಳೆಯ ಗ್ರಂಥಾಲಯದ ಸದಸ್ಯತ್ವ, ನೀವು ಆರಿಸಿಕೊಂಡ ಸಮುದಾಯದ ಭಾಷೆ ಬಲ್ಲ ಒಬ್ಬರ ಪರಿಚಯ. ಮೂರನೆಯದು ಸಿಗದಿದ್ದರೆ ಓದಿನಲ್ಲೇ ನಿಲ್ಲಬೇಕಾಗುತ್ತದೆ. ಅದರಿಂದ ನಾಚಿಕೆಪಡಬೇಕಾದ್ದಿಲ್ಲ, ಬರಹದಲ್ಲಿ ಹಾಗೆಂದು ಹೇಳಿದರೆ ಸಾಕು.

1. ಮೊದಲು ‘ಪ್ರಾಯ’ ಎಂದರೇನು ಎಂದು ತೀರ್ಮಾನಿಸಿ

‘ಪ್ರಾಯಕ್ಕೆ ಬರುವುದು’ ಎಂಬ ಒಂದು ಮಾತಿನೊಳಗೆ ಕನಿಷ್ಠ ನಾಲ್ಕು ಸಂಗತಿಗಳು ಅಡಗಿ ಕೂತಿವೆ. ಮೈನೆರೆಯುವುದು, ಅಂದರೆ ದೇಹದ ಬದಲಾವಣೆ. ಧರ್ಮದ ಕಟ್ಟುಪಾಡುಗಳಿಗೆ ತಾನೇ ಹೊಣೆಯಾಗುವುದು. ಕಾನೂನಿನ ಪ್ರಕಾರ ವಯಸ್ಕರಾಗುವುದು. ಮತ್ತು ತನ್ನ ಜನ ತನ್ನನ್ನು ದೊಡ್ಡವರ ಸಾಲಿನಲ್ಲಿ ಕೂರಿಸುವುದು. ಈ ನಾಲ್ಕೂ ಒಂದೇ ದಿನ ಘಟಿಸುವುದು ಅಪರೂಪ.

ಜಪಾನನ್ನು ನೋಡಿ. ಅಲ್ಲಿ ವಯಸ್ಕರ ದಿನ 1949ರಿಂದ ರಾಷ್ಟ್ರೀಯ ರಜೆ. ಮೊದಲು ಜನವರಿ 15ಕ್ಕಿತ್ತು, 2000ದಿಂದ ಜನವರಿಯ ಎರಡನೇ ಸೋಮವಾರಕ್ಕೆ ಬಂತು. 2022ರ ಏಪ್ರಿಲ್ 1ರಂದು ಕಾನೂನಿನ ಪ್ರಾಯವನ್ನು 20ರಿಂದ 18ಕ್ಕೆ ಇಳಿಸಿದರು. ಆದರೆ ಬಹುಪಾಲು ಪಟ್ಟಣಗಳು ಸಮಾರಂಭವನ್ನು 20 ವರ್ಷದವರಿಗೇ ಉಳಿಸಿಕೊಂಡು, ಹೆಸರನ್ನು ಮಾತ್ರ ‘ಇಪ್ಪತ್ತರ ಕೂಟ’ ಎಂಬರ್ಥದ್ದಕ್ಕೆ ಬದಲಿಸಿಕೊಂಡವು. ಉದ್ದ ತೋಳಿನ ಕಿಮೊನೊ ತೊಟ್ಟು ನಿಂತ ಆ ಯುವತಿ ಕಾನೂನಿನ ಲೆಕ್ಕದಲ್ಲಿ ಎರಡು ವರ್ಷದ ಹಿಂದೆಯೇ ವಯಸ್ಕಳು. ಹಾಗಿದ್ದರೆ ಆ ದಿನ ಬದಲಾಗುವುದೇನು? ಒಂದು ಪ್ರಬಂಧಕ್ಕೆ ಇಷ್ಟು ಸಾಕು.

ಧರ್ಮಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ಯಹೂದಿ ಹುಡುಗ 13 ವರ್ಷ ತುಂಬಿದ ಕೂಡಲೇ ‘ಬಾರ್ ಮಿತ್ಸ್ವಾ’ ಆಗುತ್ತಾನೆ. ‘ಆಜ್ಞೆಗಳಿಗೆ ಬದ್ಧನಾದವನು’ ಎಂಬುದು ಅದರ ತಾತ್ಪರ್ಯ. ಸಮಾರಂಭ ಮಾಡಿದರೂ ಆಗುತ್ತಾನೆ, ಮಾಡದಿದ್ದರೂ ಆಗುತ್ತಾನೆ. ಇಸ್ಲಾಮಿನಲ್ಲಿ ‘ಬುಲೂಗ್’, ಅಂದರೆ ಪ್ರೌಢತೆ, ಬಂದ ಮೇಲೆ ನಮಾಜು, ಉಪವಾಸ ಕಡ್ಡಾಯವಾಗುತ್ತವೆ. ಆದರೆ ಅದನ್ನು ಗುರುತಿಸಲು ಎಲ್ಲ ಮುಸ್ಲಿಮರಿಗೂ ಸಮಾನವಾದ ಒಂದು ಸಮಾರಂಭ ಎಂಬುದಿಲ್ಲ. ಇರಾನಿನ ಶಾಲೆಗಳಲ್ಲಿ ಒಂಬತ್ತು ವರ್ಷದ ಹುಡುಗಿಯರಿಗೆ ಮಾಡುವ ‘ಜಶ್ನೆ ತಕ್ಲೀಫ್’ ಅಲ್ಲಿಯ ರೂಢಿ. ಅದನ್ನು ‘ಮುಸ್ಲಿಮರ ಆಚರಣೆ’ ಎಂದು ಬರೆದಿರೋ, ಕೆಟ್ಟಿತು. ಕ್ರೈಸ್ತರ ದೃಢೀಕರಣ (ಕನ್ಫರ್ಮೇಶನ್) ಸಂಸ್ಕಾರವೂ ಹೀಗೆಯೇ. ಕ್ಯಾಥೊಲಿಕರಲ್ಲಿ ಸಾಮಾನ್ಯವಾಗಿ ತಿಳಿವಳಿಕೆ ಬಂದ ಮಕ್ಕಳಿಗೆ ಕೊಡುತ್ತಾರೆ. ಪೂರ್ವದ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಎಳೆಗೂಸಿಗೆ ದೀಕ್ಷಾಸ್ನಾನ ಆದ ಬೆನ್ನಿಗೇ ಪವಿತ್ರ ತೈಲ ಹಚ್ಚಿ ಮುಗಿಸುತ್ತಾರೆ. ಸಂಸ್ಕಾರ ಹೆಚ್ಚುಕಡಿಮೆ ಒಂದೇ, ಪ್ರಾಯದ ಸಂಬಂಧ ಮಾತ್ರ ಒಂದು ಕಡೆ ಇದೆ, ಇನ್ನೊಂದು ಕಡೆ ಇಲ್ಲ.

ಆದ್ದರಿಂದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದೇ ವಾಕ್ಯ ಬರೆದುಕೊಳ್ಳಿ: ಈ ನಾಲ್ಕರಲ್ಲಿ ನಾನು ಯಾವುದನ್ನು ನೋಡುತ್ತಿದ್ದೇನೆ? ಎರಡನ್ನು ಒಟ್ಟಿಗೆ ನೋಡಬಹುದು. ನಾಲ್ಕನ್ನೂ ಎತ್ತಿಕೊಂಡರೆ ಕೈ ಸೋಲುತ್ತದೆ.

2. ಮೂರು ಅಥವಾ ನಾಲ್ಕು ಉದಾಹರಣೆ ಸಾಕು, ಆದರೆ ಎಚ್ಚರದಿಂದ ಆರಿಸಿ

ಹತ್ತು ಆಚರಣೆಗಳ ಬಗ್ಗೆ ತಲಾ ಒಂದು ಪ್ಯಾರಾ ಬರೆಯುವುದಕ್ಕಿಂತ ಮೂರರ ಬಗ್ಗೆ ತಲಾ ಐದು ಪುಟ ಬರೆಯುವುದು ಕಷ್ಟ. ಉಪಯೋಗವಾಗುವುದೂ ಅದೇ.

ಆರಿಸುವಾಗ ಆಗುವ ದೊಡ್ಡ ತಪ್ಪು ಹುಡುಗರ ಆಚರಣೆಗಳ ಕಡೆಗೇ ವಾಲುವುದು. ನೋವು, ಧೈರ್ಯ, ಗುಂಪು, ಬಯಲು ಎಲ್ಲ ಇರುವುದರಿಂದ ಕ್ಯಾಮೆರಾ ಅಲ್ಲಿಗೇ ಹೋಗುತ್ತದೆ. ಆಲಿಸ್ ಶ್ಲೆಗೆಲ್ ಮತ್ತು ಹರ್ಬರ್ಟ್ ಬ್ಯಾರಿ ಎಂಬ ಸಂಶೋಧಕರು 1979–80ರಲ್ಲಿ 182 ಸಮಾಜಗಳ ದಾಖಲೆಗಳನ್ನು ಸಂಕೇತಕ್ಕೆ ಇಳಿಸಿ ಹೋಲಿಸಿದಾಗ, ಹುಡುಗರಿಗಿಂತ ಹುಡುಗಿಯರಿಗೆ ಆಚರಣೆ ಮಾಡುವ ಸಮಾಜಗಳೇ ಹೆಚ್ಚು ಎಂದು ಕಂಡುಬಂತು. ಹುಡುಗಿಯರದ್ದು ಹೆಚ್ಚಾಗಿ ಒಬ್ಬೊಬ್ಬರಿಗೇ, ಮನೆಯೊಳಗೆ, ಹೆಂಗಸರ ನಡುವೆ ನಡೆಯುವಂಥದ್ದು. ಹೊರಗಿನಿಂದ ಬಂದ ಗಂಡಸು ಬರೆದ ಪುಸ್ತಕದಲ್ಲಿ ಅದಕ್ಕೆ ಎರಡು ಸಾಲು ಸಿಕ್ಕರೆ ಪುಣ್ಯ. ದಾಖಲೆ ಇಲ್ಲ ಎಂದಮಾತ್ರಕ್ಕೆ ಆಚರಣೆ ಇಲ್ಲ ಎಂದು ತಿಳಿಯಬೇಡಿ. ನೋಡಲು ಯಾರಿಗೆ ಅವಕಾಶವಿತ್ತು ಎಂದು ಕೇಳಿ.

ಧರ್ಮವಿಲ್ಲದ ಒಂದು ಆಚರಣೆಯನ್ನೂ ಸೇರಿಸಿ ಎಂಬುದು ನನ್ನ ಸಲಹೆ. ಜರ್ಮನಿಯ ‘ಯೂಗೆಂಡ್‌ವೈಹೆ’ 19ನೇ ಶತಮಾನದ ಮುಕ್ತ ಚಿಂತಕರಿಂದ ಶುರುವಾಗಿ, 1950ರ ದಶಕದ ನಡುವಿನಿಂದ ಪೂರ್ವ ಜರ್ಮನಿಯ ಸರ್ಕಾರದ ಒತ್ತಾಸೆಯಲ್ಲಿ ಚರ್ಚಿನ ದೃಢೀಕರಣಕ್ಕೆ ಎದುರಾಳಿಯಾಗಿ ಬೆಳೆಯಿತು. ಆ ದೇಶವೇ ಮುಗಿದುಹೋದರೂ ಆಚರಣೆ ಮುಗಿಯಲಿಲ್ಲ, ಇವತ್ತಿಗೂ 14ರ ಆಸುಪಾಸಿನ ಮಕ್ಕಳಿಗೆ ನಡೆಯುತ್ತಿದೆ. ನಾರ್ವೆಯಲ್ಲಿ ಚರ್ಚಿನ ಹೊರಗಿನ ನಾಗರಿಕ ದೃಢೀಕರಣ 1951ರಲ್ಲಿ ಶುರುವಾಯಿತು. ದೇವರನ್ನು ತೆಗೆದ ಮೇಲೂ ಜನ ಏನನ್ನು ಉಳಿಸಿಕೊಂಡರು ಎಂದು ನೋಡಿದರೆ ಆಚರಣೆಯ ಕೆಲಸವೇನು ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ.

3. ಹೆಸರು ಹುಡುಕಿ, ಆಮೇಲೆ ವಿಷಯ ಹುಡುಕಿ

‘ಆಫ್ರಿಕಾದ ಪ್ರಾಯದ ಆಚರಣೆ’ ಎಂದು ಹುಡುಕಿದರೆ ಸಿಗುವುದು ಪ್ರವಾಸಿ ಫೋಟೊಗಳು. ಆಚರಣೆಗೆ ಆ ಜನ ಇಟ್ಟ ಹೆಸರಿನಿಂದ ಹುಡುಕಿ: ಬೆಂಬಾ ಜನರ ಚಿಸುಂಗು, ಖೋಸಾ ಜನರ ಉಲ್ವಾಲುಕೊ, ನವಾಹೊ ಜನರ ಕಿನಾಲ್ದಾ, ಪಾರ್ಸಿಗಳ ನವಜೋತ್, ಬರ್ಮಾದ ಬೌದ್ಧರ ಶಿನ್‌ಬ್ಯು, ನೇವಾರರ ಬಾಹ್ರಾ. ಹೆಸರು ಬದಲಾದ ಕೂಡಲೇ ಫಲಿತಾಂಶದ ಗುಣವೇ ಬದಲಾಗುತ್ತದೆ.

ಎರಡು ತೊಂದರೆ ಎದುರಾಗುತ್ತವೆ. ಒಂದು, ಕಾಗುಣಿತ. ಬೇರೆ ಲಿಪಿಯಿಂದ ಬಂದ ಹೆಸರನ್ನು ಒಬ್ಬೊಬ್ಬರು ಒಂದೊಂದು ತರ ಬರೆದಿರುತ್ತಾರೆ, ಆದ್ದರಿಂದ ಸಿಕ್ಕ ರೂಪಗಳನ್ನೆಲ್ಲ ಒಂದು ಕಡೆ ಪಟ್ಟಿ ಮಾಡಿಕೊಳ್ಳಿ. ಎರಡು, ಹಳೆಯ ಹೆಸರು. ನವಾಹೊಗಳು ತಮ್ಮನ್ನು ದಿನೇ ಎಂದು ಕರೆದುಕೊಳ್ಳುತ್ತಾರೆ. ಇಂದಿನ ಜಾಂಬಿಯಾ ಹಳೆಯ ಗ್ರಂಥಸೂಚಿಗಳಲ್ಲಿ ಉತ್ತರ ರೊಡೇಷ್ಯಾ ಆಗಿರುತ್ತದೆ. ಹಳೆಯ ಹೆಸರಿನಲ್ಲಿ ಹುಡುಕಲೇಬೇಕು, ಬರೆಯುವಾಗ ಮಾತ್ರ ಇಂದಿನ ಹೆಸರು ಬಳಸಿ.

ಇನ್ನೊಂದು ಮಾತು. ಕೆಲವು ಜನಾಂಗಗಳ ಹೆಸರೇ ಸಂಶೋಧಕರು ಕೊಟ್ಟ ಮರೆಹೆಸರು. ಪಪುವಾ ನ್ಯೂಗಿನಿಯ ಗಂಡುಮಕ್ಕಳ ದೀಕ್ಷೆಯ ಬಗ್ಗೆ ಬಹಳ ಚರ್ಚೆಯಾದ ‘ಸಾಂಬಿಯಾ’ ಜನ ಅಂಥವರು. ಅವರ ಗುರುತು ಕಾಪಾಡಲು ಗಿಲ್ಬರ್ಟ್ ಹರ್ಟ್ ಇಟ್ಟ ಹೆಸರದು. ಭೂಪಟದಲ್ಲಿ ಹುಡುಕಿ ಸುಸ್ತಾಗಬೇಡಿ.

4. ಆಕರಗಳನ್ನು ಸೋಸುವುದು

ಇಡೀ ಕೆಲಸದಲ್ಲಿ ಹೆಚ್ಚು ಸಮಯ ತಿನ್ನುವುದು ಈ ಹಂತವೇ, ತಿನ್ನಲಿ ಬಿಡಿ.

ಶುರು ಮಾಡಲು ಒಳ್ಳೆಯ ಜಾಗ ‘ಹ್ಯೂಮನ್ ರಿಲೇಷನ್ಸ್ ಏರಿಯಾ ಫೈಲ್ಸ್’. 1949ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಸಂಗ್ರಹ. ಜಗತ್ತಿನ ನೂರಾರು ಸಮಾಜಗಳ ಬಗೆಗಿನ ಪುಸ್ತಕ, ವರದಿಗಳನ್ನು ಪ್ಯಾರಾ ಪ್ಯಾರಾ ಓದಿ ವಿಷಯಸಂಖ್ಯೆ ಹಾಕಿಟ್ಟಿದ್ದಾರೆ. ನಿಮಗೆ ಬೇಕಾದ ಸಂಖ್ಯೆ 881, ಮೈನೆರೆಯುವಿಕೆ ಮತ್ತು ದೀಕ್ಷೆ. ಕಾನೂನಿನ ಪ್ರಾಯ 884ರಲ್ಲಿ ಸಿಗುತ್ತದೆ. ಇದಕ್ಕೆ ಚಂದಾ ಬೇಕು, ಸಾಮಾನ್ಯವಾಗಿ ವಿಶ್ವವಿದ್ಯಾಲಯದ ಗ್ರಂಥಾಲಯದ ಮೂಲಕವೇ ಪ್ರವೇಶ. ಅದು ಸಿಗದವರು ಉಚಿತವಾಗಿರುವ ‘ಡಿ-ಪ್ಲೇಸ್’ ದತ್ತಸಂಚಯ ನೋಡಬಹುದು, ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ಓದಬಹುದು.

ಸಿಕ್ಕ ಪ್ರತಿ ಆಕರಕ್ಕೂ ಈ ಮೂರು ಪ್ರಶ್ನೆ ಹಾಕಿ. ಬರೆದವರು ಕಣ್ಣಾರೆ ಕಂಡರೋ, ಕೇಳಿ ಬರೆದರೋ, ಇನ್ನೊಬ್ಬರ ಪುಸ್ತಕದಿಂದ ಎತ್ತಿದರೋ? ಯಾವ ವರ್ಷ ಕಂಡದ್ದು? ಎಷ್ಟು ಸಲ ಕಂಡದ್ದು?

ಕಣ್ಣಾರೆ ಕಂಡ ಬರಹ ಹೇಗಿರುತ್ತದೆ ಎಂದು ತಿಳಿಯಲು ಮಾನವಶಾಸ್ತ್ರಜ್ಞೆ ಆಡ್ರಿ ರಿಚರ್ಡ್ಸ್ ಅವರ ಚಿಸುಂಗು ವಿವರಣೆ ನೋಡಿ. ಉತ್ತರ ರೊಡೇಷ್ಯಾದ ಬೆಂಬಾ ಹುಡುಗಿಯರ ಈ ಆಚರಣೆಯನ್ನು ಅವರು ನೋಡಿದ್ದು 1931ರಲ್ಲಿ, ಪುಸ್ತಕ ಮಾಡಿದ್ದು 1956ರಲ್ಲಿ. ಅವರು ಕಂಡದ್ದು 23 ದಿನ ನಡೆಯಿತು. ಹಿಂದೆಲ್ಲ ಇನ್ನೂ ದೀರ್ಘವಾಗಿ ನಡೆಯುತ್ತಿತ್ತು ಎಂದೂ ಬರೆದಿದ್ದಾರೆ. ಜೇಡಿಮಣ್ಣಿನಲ್ಲಿ ‘ಎಂಬೂಸಾ’ ಎಂಬ ಬೊಂಬೆಗಳನ್ನು ಮಾಡಿ, ಒಂದೊಂದಕ್ಕೂ ಒಂದೊಂದು ಹಾಡು ಹಾಡಿ, ಹುಡುಗಿಗೆ ತೋರಿಸುತ್ತಿದ್ದರು. ಇದನ್ನು ಓದಿದ ಯಾರಾದರೂ ‘ಸಂಸಾರ ಮಾಡುವುದನ್ನು ಕಲಿಸುತ್ತಿದ್ದರು’ ಎಂದು ಬರೆದುಬಿಡುತ್ತಾರೆ. ರಿಚರ್ಡ್ಸ್ ಅಲ್ಲಿಗೆ ನಿಲ್ಲಲಿಲ್ಲ. ಅಡುಗೆ, ಹೊಲದ ಕೆಲಸ ಎಲ್ಲ ಆ ಹುಡುಗಿಯರಿಗೆ ಮೊದಲೇ ಬರುತ್ತಿತ್ತು ಎಂಬುದನ್ನು ಅವರು ಗಮನಿಸಿದರು. ಹಾಡುಗಳಲ್ಲಿ ಹೊಸ ವಿದ್ಯೆಯೇನೂ ಇರಲಿಲ್ಲ. ನಿನ್ನೆವರೆಗೆ ಆಟದಂತೆ ಮಾಡುತ್ತಿದ್ದ ಅದೇ ಕೆಲಸ ಇನ್ನು ಮೇಲೆ ಹೆಂಡತಿಯ ಹೊಣೆ, ಸಮಾಜದ ಎದುರು ಒಪ್ಪಿಕೊಂಡ ಕರ್ತವ್ಯ. ಮರುದಿನದ ಪ್ರಶ್ನೆಗೆ ಉತ್ತರ ಸಿಗುವುದು ಇಂಥ ಬರಹದಲ್ಲಿ.

ಕಣ್ಣಾರೆ ಕಂಡದ್ದೂ ಪೂರ್ತಿ ನಿಜವಾಗಬೇಕೆಂದಿಲ್ಲ. ಸಮೋವಾ ದ್ವೀಪದ ಹದಿಹರೆಯದ ಹುಡುಗಿಯರ ಬಗ್ಗೆ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ 1928ರಲ್ಲಿ ಬರೆದದ್ದನ್ನು ಇನ್ನೊಬ್ಬ ಮಾನವಶಾಸ್ತ್ರಜ್ಞ ಡೆರೆಕ್ ಫ್ರೀಮನ್ 1983ರಲ್ಲಿ ಕಟುವಾಗಿ ಅಲ್ಲಗಳೆದರು. ಆಮೇಲೆ ಬಂದವರು ಫ್ರೀಮನ್ ಅವರ ವಾದದಲ್ಲೂ ಹುಳುಕು ತೋರಿಸಿದರು. ಒಂದು ಸಮುದಾಯಕ್ಕೆ ಒಂದೇ ಪುಸ್ತಕ ನಂಬಿ ಬರೆಯಬೇಡಿ ಎನ್ನಲು ಇಷ್ಟು ಸಾಕು.

ಇಲ್ಲಿ ಮೂರು ಹಳ್ಳಗಳಿವೆ, ನೋಡಿಕೊಂಡು ನಡೆಯಿರಿ.

ಮೊದಲನೆಯದು ‘ಸದಾ ವರ್ತಮಾನ’. ಮಾನವಶಾಸ್ತ್ರಜ್ಞರು 1931ರಲ್ಲಿ ಕಂಡದ್ದನ್ನು ‘ಮಾಡುತ್ತಾರೆ’ ಎಂದು ಬರೆಯುತ್ತಾರೆ. ನೀವು ಅದನ್ನೇ ಎತ್ತಿ ‘ಮಾಡುತ್ತಾರೆ’ ಎಂದರೆ, ನೂರು ವರ್ಷದಲ್ಲಿ ಏನೂ ಬದಲಾಗಿಲ್ಲ ಎಂದಂತಾಯಿತು. ವರ್ಷ ಹಾಕಿ, ಭೂತಕಾಲದಲ್ಲಿ ಬರೆಯಿರಿ.

ಎರಡನೆಯದು ಶಾಸ್ತ್ರವನ್ನೇ ಆಚರಣೆ ಎಂದುಕೊಳ್ಳುವುದು. ಆಶ್ವಲಾಯನ ಗೃಹ್ಯಸೂತ್ರ ಉಪನಯನಕ್ಕೆ ಬ್ರಾಹ್ಮಣನಿಗೆ ಎಂಟು, ಕ್ಷತ್ರಿಯನಿಗೆ ಹನ್ನೊಂದು, ವೈಶ್ಯನಿಗೆ ಹನ್ನೆರಡನೆಯ ವರ್ಷ ಎನ್ನುತ್ತದೆ. ಇಂದು ಅದೆಷ್ಟೋ ಮನೆಗಳಲ್ಲಿ ಅದು ಮದುವೆಯ ಹಿಂದಿನ ದಿನಕ್ಕೆ ಬಂದು ನಿಂತಿದೆ. ಸೂತ್ರ ಓದಿದರೆ ಒಂದು ವಿಷಯ ತಿಳಿಯುತ್ತದೆ, ಆಲ್ಬಮ್ ನೋಡಿದರೆ ಇನ್ನೊಂದು. ಎರಡನ್ನೂ ಬರೆಯಿರಿ, ಒಂದರ ಬದಲು ಇನ್ನೊಂದನ್ನಲ್ಲ.

ಮೂರನೆಯದಕ್ಕೆ ನಾನೇ ಬಿದ್ದವನು. ವನುವಾಟುವಿನ ಪೆಂಟೆಕಾಸ್ಟ್ ದ್ವೀಪದ ಧುಮುಕಾಟವನ್ನು ‘ಹುಡುಗ ಗಂಡಸಾಗುವ ಆಚರಣೆ’ ಎಂದು ಒಮ್ಮೆ ಧಾರಾಳವಾಗಿ ಬರೆದಿದ್ದೆ. ಹುಡುಗರೂ ಹಾರುತ್ತಾರೆ ನಿಜ, ಆದರೆ ಮಕ್ಕಳೊಂದಿಗರಾದ ಗಂಡಸರೂ ವರ್ಷ ವರ್ಷ ಹಾರುತ್ತಾರೆ. ಅದರ ಗಟ್ಟಿ ನಂಟು ಇರುವುದು ಗೆಣಸಿನ ಜಾತಿಯ ‘ಯಾಮ್’ ಬೆಳೆಯೊಂದಿಗೆ. ನಡೆಯುವುದು ಬಳ್ಳಿಗಳಲ್ಲಿ ರಸ ತುಂಬಿರುವ ಏಪ್ರಿಲ್‌ನಿಂದ ಜೂನ್‌ವರೆಗೆ. 1974ರ ಫೆಬ್ರವರಿಯಲ್ಲಿ ಬ್ರಿಟನ್ ರಾಣಿಯ ಭೇಟಿಗೆಂದು ಹೊತ್ತಲ್ಲದ ಹೊತ್ತಿನಲ್ಲಿ ಏರ್ಪಡಿಸಿದಾಗ ಬಳ್ಳಿ ತಡೆಯದೆ ಒಬ್ಬರು ಪ್ರಾಣ ಕಳೆದುಕೊಂಡರು. ಋತುವನ್ನು ಗಮನಿಸಿದ್ದರೆ ಅದು ಬೆಳೆಯ ಆಚರಣೆ ಎಂದು ನನಗೂ ಹೊಳೆಯುತ್ತಿತ್ತು.

5. ಒಂದೊಂದು ಆಚರಣೆಗೂ ಒಂದು ಹಾಳೆ

ಎಲ್ಲ ಉದಾಹರಣೆಗಳಿಗೂ ಒಂದೇ ತಲೆಬರಹಗಳ ಹಾಳೆ ಮಾಡಿಕೊಳ್ಳಿ: ಹೆಸರು, ಜನ, ಜಾಗ, ಕಂಡ ವರ್ಷ, ಕಂಡವರು, ಯಾರಿಗೆ, ಎಷ್ಟನೇ ವಯಸ್ಸಿಗೆ, ಯಾರು ನಡೆಸಿಕೊಡುತ್ತಾರೆ, ಯಾರಿಗೆ ಪ್ರವೇಶವಿಲ್ಲ, ಎಷ್ಟು ದಿನ, ದೇಹಕ್ಕೆ ಏನು ಮಾಡುತ್ತಾರೆ, ಯಾವ ವಸ್ತು, ಯಾವ ಮಾತು, ಕೊನೆಯಲ್ಲಿ ‘ಮರುದಿನ’. ಕೊನೆಯ ಖಾನೆ ಖಾಲಿ ಉಳಿದರೆ ಆ ಆಚರಣೆ ನಿಮಗಿನ್ನೂ ಅರ್ಥವಾಗಿಲ್ಲ ಎಂದು ಲೆಕ್ಕ.

ಈ ಖಾನೆ ತುಂಬುವುದು ಕಷ್ಟವೇನಲ್ಲ. ನ್ಯೂಯಾರ್ಕಿನಲ್ಲಿ 1922ರ ಮಾರ್ಚ್ 18ರಂದು ರಬ್ಬಿ (ಯಹೂದಿ ಧರ್ಮಗುರು) ಮೊರ್ಡೆಕಾಯ್ ಕಪ್ಲಾನ್ ತಮ್ಮ 12 ವರ್ಷದ ಮಗಳು ಜೂಡಿತ್‌ಗೆ ಸಭೆಯ ಎದುರು ‘ಬಾತ್ ಮಿತ್ಸ್ವಾ’, ಅಂದರೆ ಹುಡುಗಿಯರ ಬಾರ್ ಮಿತ್ಸ್ವಾ, ಮಾಡಿದರು. ಅಮೆರಿಕದಲ್ಲಿ ಸಾರ್ವಜನಿಕವಾಗಿ ನಡೆದ ಮೊದಲನೆಯದು ಎಂದು ಇದನ್ನು ಗುರುತಿಸುತ್ತಾರೆ. ಹುಡುಗರು ಓದುವುದು ಯಹೂದಿ ಧರ್ಮಗ್ರಂಥವಾದ ತೋರಾದ ಸುರುಳಿಯಿಂದ. ಜೂಡಿತ್ ಓದಿದ್ದು ಕೈಯಲ್ಲಿದ್ದ ಮುದ್ರಿತ ಪುಸ್ತಕದಿಂದ. ಸುರುಳಿಗೂ ಪುಸ್ತಕಕ್ಕೂ ನಡುವಿನ ಆ ಅಂತರವನ್ನು ‘ವಸ್ತು’ ಖಾನೆಯಲ್ಲಿ ಬರೆದಿಟ್ಟುಕೊಂಡರೆ, ಏನು ಸಿಕ್ಕಿತು, ಏನು ಇನ್ನೂ ಸಿಕ್ಕಿರಲಿಲ್ಲ ಎರಡೂ ಅಲ್ಲೇ ಕಾಣುತ್ತವೆ.

ಆತ್ಮಕಥೆಗಳನ್ನು ಮರೆಯಬೇಡಿ. ನೆಲ್ಸನ್ ಮಂಡೇಲಾ 16ನೇ ವಯಸ್ಸಿನಲ್ಲಾದ ತಮ್ಮ ಸುನ್ನತಿಯ ದೀಕ್ಷೆಯನ್ನು ಬರೆದಿದ್ದಾರೆ. ಕೊನೆಯಲ್ಲಿ ಹುಡುಗರು ಇದ್ದ ಗುಡಿಸಲುಗಳನ್ನು ಸಾಮಾನು ಸಮೇತ ಸುಟ್ಟುಬಿಡುತ್ತಾರೆ, ತಿರುಗಿ ನೋಡುವಂತಿಲ್ಲ. ಮಂಡೇಲಾ ತಡೆಯಲಾರದೆ ಹಿಂದಿರುಗಿ ಹೋಗಿ ನೋಡಿದರೆ ಕಂಡದ್ದು ಎರಡು ಬೂದಿಗುಡ್ಡೆ. ಅದೇ ದಿನ ಹಿರಿಯ ನಾಯಕರೊಬ್ಬರು ಮಾಡಿದ ಭಾಷಣ ಅವರನ್ನು ಇನ್ನೂ ಕಾಡಿತು. ನಮ್ಮ ನೆಲದಲ್ಲೇ ನಾವು ಸೋತ ಜನ, ಈ ಹುಡುಗರಿಗೆ ಕೊಟ್ಟ ಗಂಡಸುತನದ ಮಾತು ಎಂದೂ ಈಡೇರುವಂಥದ್ದಲ್ಲ ಎಂಬ ಅರ್ಥದಲ್ಲಿ ಅವರು ಮಾತಾಡಿದ್ದರು. ‘ಮರುದಿನ’ ಎಂಬ ಖಾನೆಗೆ ಇದಕ್ಕಿಂತ ಕಹಿಯಾದ ಉತ್ತರ ನಾನು ಓದಿಲ್ಲ.

ಈ ಖಾನೆಗೆ ಕೆಲವೆಡೆ ಒಂದಕ್ಕಿಂತ ಹೆಚ್ಚು ಉತ್ತರಗಳಿರುತ್ತವೆ. ಮಸಾಯಿ ಗಂಡಸರಿಗೆ ಎನ್ಕಿಪಾಟಾ, ಎಯುನೋಟೊ, ಓಲಂಗೆಶೆರ್ ಎಂದು ಮೂರು ಹೊಸ್ತಿಲು. ಹುಡುಗನನ್ನು ದೀಕ್ಷೆಗೆ ಅಣಿಮಾಡುವುದು ಮೊದಲನೆಯದು, ಯೋಧರ ತಲೆ ಬೋಳಿಸುವುದು ಎರಡನೆಯದು, ಹಿರಿಯರ ಸಾಲಿಗೆ ಸೇರಿಸುವುದು ಮೂರನೆಯದು. ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಯುನೆಸ್ಕೊ ಪಟ್ಟಿಗೆ 2018ರಲ್ಲಿ ಇವು ಸೇರಿದವು. ಸಿಂಹದ ಹೆಸರು ಇವುಗಳಲ್ಲಿಲ್ಲ.

6. ಸಿದ್ಧಾಂತವನ್ನು ಈಗ ತೆಗೆಯಿರಿ, ಮೊದಲೇ ಬೇಡ

ಇಂಥ ಆಚರಣೆಗಳ ಬಗ್ಗೆ ವಿದ್ವಾಂಸ ಆರ್ನಾಲ್ಡ್ ವಾನ್ ಗೆನೆಪ್ 1909ರಲ್ಲಿ ಕೊಟ್ಟ ಮೂರು ಹಂತಗಳು ಎಲ್ಲರಿಗೂ ಗೊತ್ತಾಗಿವೆ: ಹಳೆಯ ಸ್ಥಾನದಿಂದ ಬೇರ್ಪಡಿಕೆ, ನಡುವಿನ ಸ್ಥಿತಿ, ಹೊಸ ಸ್ಥಾನದೊಳಗೆ ಸೇರ್ಪಡೆ. ನಡುವಿನ ಸ್ಥಿತಿಯನ್ನು ಹೊಸ್ತಿಲ ಮೇಲೆ ನಿಂತಂತೆ ಎಂದು ತಿಳಿಯಿರಿ, ಅತ್ತ ಮಗುವೂ ಅಲ್ಲ, ಇತ್ತ ದೊಡ್ಡವರೂ ಅಲ್ಲ. ಜಾಂಬಿಯಾದ ಎನ್ದೆಂಬು ಜನರ ನಡುವೆ ಕೆಲಸ ಮಾಡಿದ ವಿಕ್ಟರ್ ಟರ್ನರ್ 1960ರ ದಶಕದಲ್ಲಿ ಈ ಹೊಸ್ತಿಲನ್ನೇ ಹಿಡಿದು ವಿಸ್ತರಿಸಿದರು.

ಮೂರು ಹಂತ ಒಂದು ಸಲಕರಣೆ, ಅಷ್ಟೇ. ಎಲ್ಲ ಆಚರಣೆಯನ್ನೂ ಅದಕ್ಕೆ ತುರುಕಲು ಹೋದರೆ ಹರಿದುಹೋಗುತ್ತದೆ. ಹುಡುಗಿಯರ ಆಚರಣೆಗಳಲ್ಲಿ ಮನೆ ಬಿಟ್ಟು ಹೋಗುವುದು ಕಡಿಮೆ, ಮನೆಯೊಳಗೇ ಮುಚ್ಚಿಡುವುದು ಹೆಚ್ಚು ಎಂದು ಗಮನಿಸಿದ ಬ್ರೂಸ್ ಲಿಂಕನ್ 1981ರಲ್ಲಿ ಬೇರೆ ಮೂರು ಹಂತ ಸೂಚಿಸಿದರು: ಒಳಗಿರಿಸುವುದು, ರೂಪಾಂತರ, ಹೊರಬರುವುದು. ನೇಪಾಳದ ನೇವಾರರ ಬಾಹ್ರಾದಲ್ಲಿ ಹುಡುಗಿ ಹನ್ನೆರಡು ದಿನ ಬಿಸಿಲು ಬೀಳದ ಕೋಣೆಯಲ್ಲಿದ್ದು, ಹೊರಬಂದು ಸೂರ್ಯನನ್ನು ವರಿಸುತ್ತಾಳೆ. ಎರಡು ಚೌಕಟ್ಟುಗಳನ್ನೂ ಇದರ ಮೇಲೆ ಇಟ್ಟು ನೋಡಿ, ಯಾವುದು ಹೊಂದುತ್ತದೆ ಎಂದು ನಿಮಗೇ ತಿಳಿಯುತ್ತದೆ.

7. ಜನರೊಡನೆ ಮಾತು

ಮಾಹಿತಿ ಕೊಡುವವರನ್ನು ಜಾನಪದದವರು ‘ವಕ್ತೃ’ ಎನ್ನುತ್ತಾರೆ. ವಕ್ತೃವಿನ ಮುಂದೆ ಕೂತು ‘ಇದರ ಅರ್ಥವೇನು?’ ಎಂದು ಕೇಳಿದರೆ ಬರುವ ಉತ್ತರ ಜಗತ್ತಿನ ಎಲ್ಲೆಡೆ ಒಂದೇ: ‘ಹಿಂದಿನಿಂದ ನಡೆದುಕೊಂಡು ಬಂದದ್ದು.’ ಅದು ತಪ್ಪು ಉತ್ತರವಲ್ಲ, ಪ್ರಶ್ನೆಯೇ ತಪ್ಪು.

ಹೀಗೆ ಕೇಳಿ ನೋಡಿ. ಮೊದಲು ಯಾರು ಬಂದು ಹೇಳಿದರು? ನಿಮ್ಮನ್ನು ಎಲ್ಲಿ ಕೂರಿಸಿದರು? ಏನು ಉಡಿಸಿದರು, ಹಳೆಯ ಬಟ್ಟೆ ಏನಾಯಿತು? ಯಾರು ಒಳಗೆ ಬರುವಂತಿರಲಿಲ್ಲ? ಮುಗಿದ ಮೇಲೆ ಮೊದಲು ಮಾಡಿದ ಕೆಲಸ ಏನು? ಯಾವುದನ್ನು ಬಿಟ್ಟಿರಿ? ಒಮ್ಮೆ ಹಿರಿಯ ಹೆಂಗಸೊಬ್ಬರು ಅರ್ಥ ಕೇಳಿದಾಗ ಸುಮ್ಮನೆ ನಕ್ಕಿದ್ದರು. ಮರುದಿನದಿಂದ ಏನು ಬಿಟ್ಟಿರಿ ಎಂದೊಡನೆ ‘ಮರ ಹತ್ತೋದು’ ಎಂದರು, ಒಂದು ಕ್ಷಣವೂ ಯೋಚಿಸದೆ. ಆಮೇಲೆ ಅರ್ಧ ಗಂಟೆ ಆ ಮರದ ಮಾತೇ ಆಯಿತು. ನನಗೆ ಬೇಕಾದದ್ದೆಲ್ಲ ಅದರಲ್ಲಿತ್ತು.

ಒಬ್ಬರನ್ನು ಕೇಳಿ ‘ಆ ಧರ್ಮದವರು ಹೀಗೆ ಮಾಡುತ್ತಾರೆ’ ಎಂದು ಬರೆಯಬೇಡಿ. ಅಜ್ಜಿಯನ್ನು ಕೇಳಿ, ಮೊಮ್ಮಗಳನ್ನೂ ಕೇಳಿ. ನಡೆಸಿಕೊಡುವ ಗುರುವಿನ ಮಾತು ಬೇರೆ, ಅಲ್ಲಿ ಕೂತ ಹುಡುಗನ ಮಾತು ಬೇರೆ. ಆಚರಣೆ ಬೇಡವೆಂದು ಬಿಟ್ಟವರು ಸಿಕ್ಕರಂತೂ ಅವರನ್ನು ಬಿಡಲೇಬೇಡಿ.

18 ವರ್ಷದೊಳಗಿನವರನ್ನು ಮಾತಾಡಿಸುವುದಾದರೆ ತಂದೆತಾಯಿಯ ಒಪ್ಪಿಗೆ ಬೇಕು, ಮಗುವಿನ ಒಪ್ಪಿಗೆಯೂ ಬೇಕು. ಅಮ್ಮ ಹೂಂ ಎಂದು ಮಗಳು ತಲೆ ತಗ್ಗಿಸಿದರೆ ಅದನ್ನು ಇಲ್ಲ ಎಂದೇ ತಿಳಿಯಿರಿ. ಮೈನೆರೆದ ಹುಡುಗಿಯ ಫೋಟೊ, ಹೆಸರು, ಊರು ಮೂರನ್ನೂ ಒಟ್ಟಿಗೆ ಎಲ್ಲೂ ಹಾಕಬೇಡಿ. ವಿಶ್ವವಿದ್ಯಾಲಯದ ಅಡಿಯಲ್ಲಿ ಸಂಶೋಧನೆ ಮಾಡುವವರು ಮೊದಲ ಸಂದರ್ಶನಕ್ಕೂ ಮುಂಚೆ ನೈತಿಕ ಸಮಿತಿಯ ಅನುಮತಿ ಪಡೆಯಬೇಕು. ಆಮೇಲೆ ತೆಗೆದುಕೊಂಡರೆ ಆಗುವುದಿಲ್ಲ.

8. ಗುಟ್ಟು ಮತ್ತು ಗಾಯ

ಕೆಲವು ಆಚರಣೆಗಳು ಹೊರಗಿನವರಿಗಲ್ಲ. ಗುಟ್ಟಾಗಿರುವುದೇ ಅವುಗಳ ಜೀವ. 1976ರಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳಾದ ಪಿಟ್ಜಂಟ್ಜಟ್ಜರ ಜನ ಮಾನವಶಾಸ್ತ್ರಜ್ಞ ಚಾರ್ಲ್ಸ್ ಮೌಂಟ್‌ಫರ್ಡ್ ಅವರ ಪುಸ್ತಕದ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಹತ್ತಾರು ವರ್ಷದ ಹಿಂದೆ ನಂಬಿ ಹೇಳಿದ ಪವಿತ್ರ ಗುಟ್ಟುಗಳು ಅದರಲ್ಲಿ ಅಚ್ಚಾಗಿದ್ದವು, ದೀಕ್ಷೆಯಾಗದ ಹುಡುಗರ, ಹೆಂಗಸರ ಕಣ್ಣಿಗೆ ಬೀಳುವಂತಿದ್ದವು. ನಾರ್ದರ್ನ್ ಟೆರಿಟರಿಯ ಸುಪ್ರೀಂ ಕೋರ್ಟು ಅಲ್ಲಿ ಅದರ ಮಾರಾಟಕ್ಕೆ ತಡೆ ಹಾಕಿತು. ಹಳೆಯ ಪುಸ್ತಕದಲ್ಲಿ ಸಿಕ್ಕಿತು ಎಂಬ ಕಾರಣಕ್ಕೆ ಅಂಥದ್ದನ್ನು ಮತ್ತೆ ಹರಡಬೇಡಿ. ಸಂಗ್ರಹಾಲಯಗಳು ‘ನಿರ್ಬಂಧಿತ’ ಎಂದು ಗುರುತು ಹಾಕಿದ್ದರೆ ಅದಕ್ಕೆ ಕಾರಣವಿರುತ್ತದೆ.

ಇನ್ನು ಗಾಯ. ಹೆಣ್ಣುಮಕ್ಕಳ ಜನನಾಂಗ ಛೇದನವನ್ನು ‘ಪ್ರಾಯದ ಆಚರಣೆ’ ಎಂಬ ತಲೆಬರಹದಡಿ ತಣ್ಣಗೆ ವಿವರಿಸಿ ಮುಂದೆ ಹೋಗಲಾಗದು. ಯುನಿಸೆಫ್‌ನ 2024ರ ಅಂದಾಜಿನಂತೆ ಅದಕ್ಕೊಳಗಾದ ಹೆಣ್ಣುಮಕ್ಕಳು, ಮಹಿಳೆಯರು ಸೇರಿ 23 ಕೋಟಿಗಿಂತ ಹೆಚ್ಚು. ಹಲವೆಡೆ ಅದು ಪ್ರಾಯಕ್ಕೆ ಬಹಳ ಮುಂಚೆ, ಎಳವೆಯಲ್ಲೇ ನಡೆಯುವುದರಿಂದ ಆ ಹೆಸರೇ ಅದಕ್ಕೆ ಸಲ್ಲದು. ಗಂಡುಮಕ್ಕಳ ವಿಷಯದಲ್ಲೂ ಕಣ್ಣು ಮುಚ್ಚಬೇಡಿ. ದಕ್ಷಿಣ ಆಫ್ರಿಕಾದ ದೀಕ್ಷಾ ಶಿಬಿರಗಳಿಂದ ಸಾವುಗಳು ವರದಿಯಾಗುತ್ತಲೇ ಬಂದು, 2021ರಲ್ಲಿ ಅದಕ್ಕೆಂದೇ ಕಾಯ್ದೆ ಮಾಡಬೇಕಾಯಿತು. ಇಂಥಲ್ಲಿ ಆ ಸಮುದಾಯದೊಳಗಿನಿಂದಲೇ ವಿರೋಧಿಸುವವರು ಏನು ಹೇಳುತ್ತಾರೆ ಎಂಬುದನ್ನು ಮೊದಲು ಹುಡುಕಿ. ಅವರು ಖಂಡಿತ ಇರುತ್ತಾರೆ. ಅವರನ್ನು ಬಿಟ್ಟು ನೀವೇ ತೀರ್ಪು ಕೊಟ್ಟರೆ ಅದು ಹೊರಗಿನವರ ಬೈಗುಳವಾಗುತ್ತದೆ.

9. ಹೋಲಿಕೆ

ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಖಾನೆಗೆ ಖಾನೆ ಓದಿ. ಒಟ್ಟಾರೆ ‘ಇದೂ ಅದರಂತೆಯೇ’ ಎನ್ನಬೇಡಿ. ಹೋಲಿಕೆ ಕಂಡ ಕೂಡಲೇ ಕೇಳಬೇಕಾದ್ದು: ಒಬ್ಬರಿಂದೊಬ್ಬರು ಪಡೆದುಕೊಂಡರೇ? ಚೀನಾದಲ್ಲಿ ಗಂಡಿಗೆ 20ಕ್ಕೆ ಟೊಪ್ಪಿಗೆ ಇಡುವ, ಹೆಣ್ಣಿಗೆ 15ಕ್ಕೆ ಮುಡಿಗೆ ಕಡ್ಡಿ ಸಿಕ್ಕಿಸುವ ವಿಧಿ ಹಳೆಯ ಗ್ರಂಥಗಳಲ್ಲೇ ಇದೆ. ಕೊರಿಯಾದ ಗ್ವಾಲ್ಯೆ, ಹಳೆಯ ಜಪಾನಿನ ಗೆನ್ಪುಕು ಅದರ ಪ್ರಭಾವದಲ್ಲಿ ಬೆಳೆದವು. ಈ ಮೂರನ್ನು ಮೂರು ಬೇರೆ ಬೇರೆ ಸಾಕ್ಷಿ ಎಂದು ಎಣಿಸಿದರೆ ಲೆಕ್ಕ ತಪ್ಪುತ್ತದೆ. ಇದಕ್ಕೆ ‘ಗಾಲ್ಟನ್ ಸಮಸ್ಯೆ’ ಎಂದು ಹೆಸರು. 1888ರಲ್ಲಿ ಮಾನವಶಾಸ್ತ್ರಜ್ಞ ಎಡ್ವರ್ಡ್ ಟೈಲರ್ ಹಲವು ಸಮಾಜಗಳ ಅಂಕಿಅಂಶ ಮಂಡಿಸಿದಾಗ ಫ್ರಾನ್ಸಿಸ್ ಗಾಲ್ಟನ್ ಎತ್ತಿದ ಆಕ್ಷೇಪ ಅದು.

10. ಬರೆಯುವಾಗ

‘ವಿಚಿತ್ರ’, ‘ಆದಿಮ’, ‘ಅನಾಗರಿಕ’ ಇವನ್ನು ಹುಡುಕಿ ಅಳಿಸಿ. ‘ಶತಶತಮಾನಗಳಿಂದ’ ಎಂಬುದನ್ನೂ ಅಳಿಸಿ, ಬಹುಪಾಲು ಸಲ ಅದಕ್ಕೆ ಆಧಾರ ಇರುವುದಿಲ್ಲ. ಪ್ರತಿ ಆಚರಣೆಯ ಜೊತೆ ಯಾರು, ಎಲ್ಲಿ, ಯಾವ ವರ್ಷ ಎಂಬುದು ಅದೇ ಪ್ಯಾರಾದಲ್ಲಿ ಬರಲಿ. ಆಚರಣೆಯ ಮೂಲ ಹೆಸರನ್ನು ಒಮ್ಮೆ ಬಿಡಿಸಿ ಹೇಳಿ, ಆಮೇಲೆ ಅದನ್ನೇ ಬಳಸಿ. ಎಲ್ಲಕ್ಕೂ ‘ಅವರ ಉಪನಯನ’, ‘ಅವರ ಮುಂಜಿ’ ಎಂದು ನಮ್ಮ ಅಂಗಿ ತೊಡಿಸಬೇಡಿ. ನವಜೋತ್‌ನಲ್ಲೂ ದಾರವಿದೆ, ಆದರೆ ಅದನ್ನು ಸೊಂಟಕ್ಕೆ ಸುತ್ತುತ್ತಾರೆ, ಹುಡುಗಿಯರಿಗೂ ಕಟ್ಟುತ್ತಾರೆ.

ಮುಗಿಸಿದ ಮೇಲೆ ಕರಡನ್ನು ನಿಮ್ಮೊಡನೆ ಮಾತಾಡಿದವರಿಗೆ ಓದಿ ಹೇಳಿ. ಓದು ಬಾರದವರಿದ್ದರೆ ಅವರ ಮಾತಿರುವ ಭಾಗವನ್ನಾದರೂ ಅವರ ಭಾಷೆಯಲ್ಲಿ ಹೇಳಿ. ತೆಗೆಯಿರಿ ಎಂದದ್ದನ್ನು ಕಾರಣ ಕೇಳದೆ ತೆಗೆಯಿರಿ, ತಿದ್ದಿ ಎಂದದ್ದನ್ನು ಮಾತ್ರ ಚರ್ಚೆ ಮಾಡಿ. ಮರ ಹತ್ತುವುದನ್ನು ಬಿಟ್ಟ ಆ ಹೆಂಗಸು ನನ್ನ ಕರಡಿನ ಮೂರು ಪುಟ ಕೇಳಿ ಒಂದೇ ತಿದ್ದುಪಡಿ ಹೇಳಿದರು: ನಾನು ಮರದ ಜಾತಿ ತಪ್ಪು ಬರೆದಿದ್ದೆ.